ಜಿಲ್ಲೆಯ ಗಡಿ ನಿರ್ಧಾರವಾಗುವುದು ಹೇಗೆ?

ಮೂರು ದಶಕಗಳ ಅವಧಿಯಲ್ಲಿ ಒಂದೇ ತಾಲ್ಲೂಕು ಮೂರು ಜಿಲ್ಲೆಗಳ ಹೆಸರು ಹೊತ್ತ ಉದಾಹರಣೆ ನಮ್ಮ ರಾಜ್ಯದಲ್ಲಿದೆ. ಹರಪನಹಳ್ಳಿ 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. 2018ರಲ್ಲಿ ಅದನ್ನು ಮರಳಿ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಉದಯವಾದಾಗ ಅದರ ಭಾಗವಾಯಿತು. ಈ ಅವಧಿಯಲ್ಲಿ ಅಲ್ಲಿನ ಒಂದು ಹೊಲವೂ ಜರುಗಲಿಲ್ಲ, ಒಂದು ಕಲ್ಲೂ ಕದಲಲಿಲ್ಲ. ಹಾಗಾದರೆ ಬದಲಾದದ್ದು ಏನು? ಜಿಲ್ಲೆಯ ಗಡಿ ಎಂಬುದು ವಾಸ್ತವವಾಗಿ ಎಲ್ಲಿದೆ? ಅದನ್ನು ಅಳೆಯುವವರು ಯಾರು, ಗೊತ್ತುಪಡಿಸುವವರು ಯಾರು?

ಗಡಿ ಎಂದರೆ ಗೆರೆಯಲ್ಲ, ಪಟ್ಟಿ

ಜಿಲ್ಲೆಯ ಸುತ್ತ ಅಧಿಕಾರಿಗಳು ಸರಪಳಿ ಹಿಡಿದು ನಡೆದು ಗೆರೆ ಎಳೆಯುತ್ತಾರೆ ಎಂಬ ಕಲ್ಪನೆ ಸಾಮಾನ್ಯ. ಆದರೆ ಕರ್ನಾಟಕದಲ್ಲಿ ಜಿಲ್ಲೆಯ ಗಡಿಯನ್ನು ಪ್ರತ್ಯೇಕವಾಗಿ ಅಳೆಯುವ ಪದ್ಧತಿ ಇಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 4ನೇ ಪ್ರಕರಣ ಈ ವಿಷಯದ ಮೂಲಾಧಾರ. ಯಾವ ಜಿಲ್ಲೆಗಳು ಸೇರಿ ವಿಭಾಗವಾಗುತ್ತದೆ, ಯಾವ ತಾಲ್ಲೂಕುಗಳು ಸೇರಿ ಜಿಲ್ಲೆಯಾಗುತ್ತದೆ, ಯಾವ ಗ್ರಾಮಗಳು ಸೇರಿ ತಾಲ್ಲೂಕಾಗುತ್ತದೆ ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದು, ಸರಹದ್ದನ್ನು ಮಾರ್ಪಡಿಸಬಹುದು, ಹೆಸರನ್ನೂ ಬದಲಿಸಬಹುದು.

ಅಂದರೆ ಕಾನೂನಿನ ದೃಷ್ಟಿಯಲ್ಲಿ ಜಿಲ್ಲೆ ಎನ್ನುವುದು ತಾಲ್ಲೂಕುಗಳ ಪಟ್ಟಿ, ತಾಲ್ಲೂಕು ಎನ್ನುವುದು ಗ್ರಾಮಗಳ ಪಟ್ಟಿ. ಪಟ್ಟಿಯ ಅಂಚಿನಲ್ಲಿರುವ ಗ್ರಾಮಗಳ ಹೊರಮೇರೆಯನ್ನು ಜೋಡಿಸುತ್ತಾ ಹೋದರೆ ದೊರೆಯುವುದೇ ಜಿಲ್ಲೆಯ ಗಡಿ. ಶಾಲಾ ಭೂಪಟದಲ್ಲಿ ಕಾಣುವ ದಪ್ಪ ಗೆರೆ ಆ ಜೋಡಣೆಯ ಚಿತ್ರ ಮಾತ್ರ. ತನ್ನಷ್ಟಕ್ಕೆ ಅದು ಕಾನೂನಲ್ಲ. ಹರಪನಹಳ್ಳಿಯ ವಿಷಯದಲ್ಲಿ ಬದಲಾದದ್ದು ಈ ಪಟ್ಟಿಯೇ.

ಕರಡು, ಆಕ್ಷೇಪಣೆ, ಅಂತಿಮ ಅಧಿಸೂಚನೆ

ಈ ಅಧಿಕಾರಕ್ಕೆ ಕಾನೂನು ಒಂದು ಷರತ್ತು ವಿಧಿಸಿದೆ. ಅಧಿಸೂಚನೆಯನ್ನು ಮೊದಲು ಕರಡು ರೂಪದಲ್ಲಿ ರಾಜ್ಯಪತ್ರದಲ್ಲಿ ಪ್ರಕಟಿಸಿ, ಬಾಧಿತರಾಗುವ ಜನರಿಂದ ಆಕ್ಷೇಪಣೆ ಹಾಗೂ ಸಲಹೆಗಳನ್ನು ಆಹ್ವಾನಿಸಬೇಕು. ಅವುಗಳನ್ನು ಪರಿಶೀಲಿಸಿದ ಬಳಿಕವಷ್ಟೇ ಅಂತಿಮ ಅಧಿಸೂಚನೆ ಹೊರಡಿಸಬೇಕು.

ವಿಜಯನಗರ ಜಿಲ್ಲೆಯ ರಚನೆಯಲ್ಲಿ ಈ ಕ್ರಮವನ್ನು ಕಾಣಬಹುದು. 2020ರ ನವೆಂಬರ್‌ನಲ್ಲಿ ಸಚಿವ ಸಂಪುಟ ಒಪ್ಪಿಗೆ ನೀಡಿತು. ಡಿಸೆಂಬರ್‌ನಲ್ಲಿ ಕರಡು ಪ್ರಕಟವಾಯಿತು. 2021ರ ಫೆಬ್ರುವರಿಯಲ್ಲಿ ಅಂತಿಮ ಅಧಿಸೂಚನೆ ಹೊರಬಿತ್ತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಹೊಸ ಜಿಲ್ಲೆಗೆ ಸೇರಿದವು. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಹಳೆಯ ಜಿಲ್ಲೆಯಲ್ಲಿ ಉಳಿದವು.

1956ರಲ್ಲಿ ರಾಜ್ಯ ಏಕೀಕರಣಗೊಂಡಾಗ ಇದ್ದ ಜಿಲ್ಲೆಗಳು 19. 1986ರಲ್ಲಿ ಬೆಂಗಳೂರು ಗ್ರಾಮಾಂತರ ಪ್ರತ್ಯೇಕಗೊಂಡು ಸಂಖ್ಯೆ 20ಕ್ಕೆ ಏರಿತು. 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ ಮತ್ತು ದಾವಣಗೆರೆ ಸೇರಿ ಏಳು ಜಿಲ್ಲೆಗಳು ಒಮ್ಮೆಗೇ ಹುಟ್ಟಿದವು. 2007ರಲ್ಲಿ ರಾಮನಗರ ಮತ್ತು ಚಿಕ್ಕಬಳ್ಳಾಪುರ, 2009ರ ಕೊನೆಯಲ್ಲಿ ಯಾದಗಿರಿ, 2021ರಲ್ಲಿ ವಿಜಯನಗರ ಸೇರ್ಪಡೆಯಾಗಿ ಒಟ್ಟು ಸಂಖ್ಯೆ 31 ಆಯಿತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ಕೈಗೊಂಡ ನಿರ್ಧಾರ ಹೆಸರಿಗೆ ಸಂಬಂಧಿಸಿದ್ದೇ ಹೊರತು ಗಡಿಗಲ್ಲ.

ಸರಪಳಿಯಿಂದ ಉಪಗ್ರಹದವರೆಗೆ

ಜಿಲ್ಲೆಯ ಗಡಿ ಗ್ರಾಮದ ಮೇರೆಯನ್ನು ಅವಲಂಬಿಸಿರುವುದರಿಂದ, ಗ್ರಾಮದ ಮೇರೆ ಎಷ್ಟು ಖಚಿತವೋ ಜಿಲ್ಲೆಯ ಗಡಿಯೂ ಅಷ್ಟೇ ಖಚಿತ. ಮೇರೆ ಗುರುತಿಸುವ ಕೆಲಸ ಈ ನೆಲಕ್ಕೆ ಹೊಸದಲ್ಲ. ದಾನಶಾಸನಗಳು ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹಳ್ಳ, ಹುತ್ತ, ಮರ, ಗುಂಡುಗಳ ಸಮೇತ ವಿವರಿಸುತ್ತವೆ. ಶೈವ ದತ್ತಿಯಾದರೆ ಲಿಂಗಮುದ್ರೆ, ವೈಷ್ಣವ ದತ್ತಿಯಾದರೆ ವಾಮನಮುದ್ರೆ, ಜೈನ ದತ್ತಿಯಾದರೆ ಮುಕ್ಕೊಡೆ ಕೆತ್ತಿದ ಕಲ್ಲುಗಳನ್ನು ಎಲ್ಲೆಯಲ್ಲಿ ನೆಡುತ್ತಿದ್ದರು.

ಆಧುನಿಕ ಭೂಮಾಪನ ಆರಂಭವಾದದ್ದು 19ನೇ ಶತಮಾನದಲ್ಲಿ. ಮುಂಬಯಿ ಪ್ರಾಂತ್ಯದಲ್ಲಿ ರೂಪುಗೊಂಡ ಪದ್ಧತಿ ಉತ್ತರ ಕರ್ನಾಟಕದ ಭಾಗಗಳಲ್ಲಿ ಜಾರಿಗೆ ಬಂತು. ಅದೇ ಮಾದರಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 1863ರಿಂದ ಕಂದಾಯ ಸರ್ವೆ ನಡೆಯಿತು. ಅದರ ಮುಖ್ಯ ಸಾಧನ 33 ಅಡಿ ಉದ್ದದ ಸರಪಳಿ. ಸರಪಳಿಯಲ್ಲಿ 16 ಆಣೆಗಳು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಇಂದಿಗೂ ಪಹಣಿಯಲ್ಲಿ ಎಕರೆಗುಂಟೆಗಳ ಲೆಕ್ಕ ಕಾಣಲು ಆ ಸರಪಳಿಯೇ ಕಾರಣ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ, ದಕ್ಷಿಣ ಕನ್ನಡಗಳ ಪದ್ಧತಿ ಬೇರೆ. ಅಲ್ಲಿ ಮೊದಲು ಗ್ರಾಮದ ಸುತ್ತಳತೆಯನ್ನು ಥಿಯೊಡೊಲೈಟ್ ಯಂತ್ರದಿಂದ ಅಳೆದು, ಬಳಿಕ ಒಳಗಿನ ಹೊಲಗಳನ್ನು ಅಳೆಯಲಾಗುತ್ತಿತ್ತು.

ಎರಡು ಗ್ರಾಮಗಳ ನಡುವಿನ ಮೇರೆಯನ್ನು ಗೊತ್ತುಪಡಿಸುವ ವಿಧಾನ ಸರಳವಾದರೂ ಅರ್ಥಪೂರ್ಣವಾದುದು. ಎರಡೂ ಕಡೆಯವರು ಸಮ್ಮತಿಸಿ ಮೇರೆ ತೋರಿಸಿದರೆ ಅದನ್ನೇ ದಾಖಲಿಸಬೇಕು. ಒಮ್ಮತ ಮೂಡದಿದ್ದರೆ ಅಧಿಕಾರಿ ದಾಖಲೆ, ಸಾಕ್ಷ್ಯಗಳನ್ನು ಪರಿಶೀಲಿಸಿ ತೀರ್ಮಾನಿಸಬೇಕು. ಹಾಗೆ ನಿಷ್ಕರ್ಷೆಯಾದ ತಿರುವುಗಳಲ್ಲಿ ಬಾಂದುಕಲ್ಲು ನೆಡಲಾಗುತ್ತದೆ. ಮೂರು ಗ್ರಾಮಗಳು ಸಂಧಿಸುವ ಸ್ಥಳದ ಕಲ್ಲಿಗೆ ವಿಶೇಷ ಮಹತ್ವ. ಕಲ್ಲನ್ನು ಕಾಪಾಡುವ ಹೊಣೆ ಜಮೀನಿನ ಹಿಡುವಳಿದಾರನದು. ಅದನ್ನು ಕೀಳುವುದು ಅಥವಾ ಜರುಗಿಸುವುದು ದಂಡನಾರ್ಹ.

ತೊಡಕು ಉಂಟಾಗುವುದು ಹಳೆಯ ಆಡಳಿತಗಳು ಕೂಡುವ ಕಡೆ. ದಾವಣಗೆರೆ ಮತ್ತು ಹರಪನಹಳ್ಳಿ ನಡುವಿನ ಮೇರೆಯನ್ನೇ ಗಮನಿಸಿ. ಬಳ್ಳಾರಿ ಪ್ರದೇಶ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅದು ಮೈಸೂರು ಮತ್ತು ಮದ್ರಾಸ್‌ಗಳ ನಡುವಿನ ಗಡಿಯಾಗಿತ್ತು. ಒಂದು ಬದಿಯ ನಕಾಶೆ ಒಂದು ಪದ್ಧತಿಯದು, ಇನ್ನೊಂದು ಬದಿಯದು ಮತ್ತೊಂದು ಪದ್ಧತಿಯದು. ಇಂತಹ ನಕಾಶೆಗಳನ್ನು ಜೋಡಿಸಿದಾಗ ಅಂಚುಗಳು ಒಂದರ ಮೇಲೊಂದು ಬರಬಹುದು, ಇಲ್ಲವೇ ನಡುವೆ ತೆರವು ಉಳಿಯಬಹುದು. ಡ್ರೋನ್ ಚಿತ್ರಣ ಮತ್ತು ಉಪಗ್ರಹ ಆಧಾರಿತ ರೋವರ್ ಉಪಕರಣಗಳು ಇಂದು ಅಳತೆಯನ್ನು ಸೆಂಟಿಮೀಟರ್ ಮಟ್ಟಕ್ಕೆ ತಂದಿವೆ. ಆದರೆ ಯಂತ್ರ ಹೇಳುವುದು ಕಲ್ಲು ಎಲ್ಲಿದೆ ಎಂಬುದನ್ನು ಮಾತ್ರ. ಕಲ್ಲು ಎಲ್ಲಿರಬೇಕಿತ್ತು ಎಂಬುದನ್ನು ಹೇಳುವುದು ಹಳೆಯ ದಾಖಲೆಯೇ.

ಒಂದೇ ನೆಲ, ಹಲವು ಗಡಿಗಳು

ಕಂದಾಯ ಜಿಲ್ಲೆಯ ಗಡಿ ಬದಲಾದರೆ ಎಲ್ಲ ಗಡಿಗಳೂ ಬದಲಾಗುತ್ತವೆ ಎಂದು ಭಾವಿಸುವಂತಿಲ್ಲ. ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಯಲ್ಲಿದ್ದರೂ ಆ ವಿಧಾನಸಭಾ ಕ್ಷೇತ್ರ ಸೇರಿರುವುದು ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ. ಕಾರಣ, 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆ ಅಂದಿನ ಜಿಲ್ಲೆಗಳನ್ನು ಆಧರಿಸಿತ್ತು. ಕಂದಾಯ ಇಲಾಖೆಯ ಅಧಿಸೂಚನೆ ಅದನ್ನು ತಿದ್ದಲಾರದು.

ತುಂಗಭದ್ರಾ ನದಿಯ ನಡುವಿನ ವಿರೂಪಾಪುರ ಗಡ್ಡೆ ಇನ್ನೊಂದು ನಿದರ್ಶನ. ಹಂಪಿಯ ಎದುರಿನಲ್ಲೇ ಇದ್ದರೂ ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನದು. ಆದರೆ ಸ್ಮಾರಕ ಸಂರಕ್ಷಣೆಯ ವ್ಯಾಪ್ತಿ ಜಿಲ್ಲೆಯ ಗಡಿ ದಾಟಿ ಅದನ್ನೂ ಒಳಗೊಂಡಿದೆ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಬಳಿಕ ಅಲ್ಲಿನ ರೆಸಾರ್ಟ್‌ಗಳನ್ನು ತೆರವುಗೊಳಿಸಲಾಯಿತು.

ರಾಜ್ಯಗಳ ನಡುವಿನ ಗಡಿಯಂತೂ ಬೇರೆಯೇ ಮಾತು. ಅದನ್ನು ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿಗೆ ಮಾತ್ರ ಇದೆ. ಬಳ್ಳಾರಿ ಮತ್ತು ಅನಂತಪುರ ನಡುವಿನ ಗಣಿ ಪ್ರದೇಶದಲ್ಲಿ ಗಡಿ ಗುರುತುಗಳ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಸರ್ವೆ ಆಫ್ ಇಂಡಿಯಾ ಅಳತೆಗೆ ಇಳಿಯಬೇಕಾಯಿತು. ಅಲ್ಲಿ ಕೆಲವು ಮೀಟರ್ ನೆಲವೆಂದರೆ ಕೇವಲ ನೆಲವಲ್ಲ, ಅದಿರು.

ಗಡಿಯ ಬೆಲೆ

ಜಿಲ್ಲೆಯ ಹೆಸರು ಬದಲಾದರೆ ಸಾಮಾನ್ಯನಿಗೆ ಆಗುವುದೇನು? ಹರಪನಹಳ್ಳಿಯ ಯುವಕರನ್ನು ಕೇಳಿದರೆ ಉತ್ತರ ದೊರೆಯುತ್ತದೆ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದಾಗ ಹೈದರಾಬಾದ್ ಕರ್ನಾಟಕದ ವ್ಯಾಪ್ತಿಗೆ ಬಂದದ್ದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳು. ಅಲ್ಲಿನವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ದೊರೆಯಿತು. ಆ ವೇಳೆಗೆ ಹರಪನಹಳ್ಳಿ ದಾವಣಗೆರೆಯಲ್ಲಿತ್ತು. ನೆರೆಯ ಕೊಟ್ಟೂರಿನ ವಿದ್ಯಾರ್ಥಿಗೆ ದಕ್ಕಿದ್ದು ಇಲ್ಲಿನ ವಿದ್ಯಾರ್ಥಿಗೆ ದಕ್ಕಲಿಲ್ಲ. ದೀರ್ಘ ಹೋರಾಟಕ್ಕೆ ಕಾರಣವಾದದ್ದು 1997ರ ಪಟ್ಟಿಯಲ್ಲಿನ ಆ ಒಂದು ಹೆಸರು.

ಆದ್ದರಿಂದ ಕರಡು ಅಧಿಸೂಚನೆಯನ್ನು ಓದುವುದು ಆಡಳಿತದವರ ಕೆಲಸ ಮಾತ್ರವಲ್ಲ. ಆಕ್ಷೇಪಣೆ ಸಲ್ಲಿಸಲು ನೀಡುವ ಕಾಲಾವಧಿ ಸೀಮಿತ. ಜನಗಣತಿಯ ಸಮಯದಲ್ಲಿ ಗಡಿಗಳನ್ನು ಸ್ಥಗಿತಗೊಳಿಸಲಾಗುವುದರಿಂದ ಅವಕಾಶ ಇನ್ನಷ್ಟು ಕಿರಿದಾಗುತ್ತದೆ. 2027ರ ಜನಗಣತಿಗಾಗಿ 2025ರ ಡಿಸೆಂಬರ್ 31ರೊಳಗೆ ಗಡಿ ಬದಲಾವಣೆಗಳನ್ನು ಮುಗಿಸಿಕೊಳ್ಳುವಂತೆ ರಾಜ್ಯಗಳಿಗೆ ಸೂಚಿಸಲಾಗಿತ್ತು.

ತಮ್ಮ ಜಮೀನು ಯಾವ ಗ್ರಾಮ, ಹೋಬಳಿ, ತಾಲ್ಲೂಕಿಗೆ ಸೇರಿದೆ ಎಂಬುದನ್ನು ಪಹಣಿಯ ತಲೆಬರಹದಲ್ಲೇ ನೋಡಬಹುದು. ನಿಂತ ಸ್ಥಳದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ. ಆದರೆ ಅದು ದಾರಿತೋರುಕ ಮಾತ್ರ. ವಿವಾದ ಎದುರಾದರೆ ಮಾನ್ಯವಾಗುವುದು ಭೂದಾಖಲೆಗಳ ಇಲಾಖೆಯ ಮೂಲ ನಕಾಶೆ ಮತ್ತು ಅಧಿಕೃತ ಭೂಮಾಪಕರ ಅಳತೆ. ಜಿಲ್ಲೆಯ ಹೆಸರು ವಿಧಾನಸೌಧದಲ್ಲಿ ನಿರ್ಧಾರವಾಗಬಹುದು. ಅದರ ಅಂಚು ಮಾತ್ರ ಯಾವುದೋ ಹೊಲದ ಬದುವಿನಲ್ಲಿ, ಮುಳ್ಳುಪೊದೆಯ ಮರೆಯಲ್ಲಿರುವ ಬಾಂದುಕಲ್ಲಿನಲ್ಲೇ ಇದೆ.