ಕರುಳಿನ ಬ್ಯಾಕ್ಟೀರಿಯಾ ಮತ್ತು ಖಿನ್ನತೆ: ಸಂಶೋಧನೆಯ ಇತಿಹಾಸ

ಮನುಷ್ಯನ ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳಿಗೂ ಒತ್ತಡ, ಆತಂಕ, ಖಿನ್ನತೆಗಳಿಗೂ ಇರುವ ನಂಟಿನ ಶೋಧಕ್ಕೆ ಒಂದು ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಜನಪ್ರಿಯ ಬರಹಗಳು ಇದನ್ನು 2004ರ ಜಪಾನೀ ಪ್ರಯೋಗದಿಂದ ಆರಂಭಿಸಿ, ಅದರ ಹಿಂದಿನದೆಲ್ಲವನ್ನೂ ಮೌಢ್ಯವೆಂದು ಒಂದೇ ಸಾಲಿನಲ್ಲಿ ಮುಗಿಸುವುದುಂಟು. ಈ ಕಾಲಗಣನೆ ಸರಿಯಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ವಿಚಾರಕ್ಕೆ ವೈದ್ಯಲೋಕದ ದೊಡ್ಡ ಹೆಸರುಗಳ ಬೆಂಬಲವೇ ಇತ್ತು. ಅದು ಬಿದ್ದುಹೋದದ್ದಕ್ಕೆ ಫ್ಯಾಷನ್ ಬದಲಾದದ್ದಷ್ಟೇ ಕಾರಣವಲ್ಲ. ಹೋಲಿಕೆಗೆ ಒಂದು ಗುಂಪನ್ನು ಇಟ್ಟುಕೊಂಡು ನೋಡಿದಾಗ ಅದು ನಿಲ್ಲಲಿಲ್ಲ. ಆ ಪರೀಕ್ಷೆಯನ್ನು ಇಂದಿನ ಸಂಶೋಧನೆಯೂ ಪೂರ್ತಿಯಾಗಿ ದಾಟಿಲ್ಲ.

ಫ್ರಾನ್ಸಿನ ಶಾರ್ಲ್ ಬುಶಾರ್ 1887ರಲ್ಲಿ ಪ್ರಕಟಿಸಿದ ಉಪನ್ಯಾಸಗಳು, ಕರುಳಿನಲ್ಲಿ ಕೊಳೆಯುವ ಆಹಾರದ ನಂಜು ರಕ್ತಕ್ಕೇರಿ ರೋಗ ತರುತ್ತದೆ ಎಂಬ ಸ್ವವಿಷ ಸಿದ್ಧಾಂತಕ್ಕೆ ರೂಪ ಕೊಟ್ಟವು. ಪಾಶ್ಚರ್ ಸಂಸ್ಥೆಯ ಇಲ್ಯಾ ಮೆಚ್ನಿಕಾಫ್ ಆ ನಂಜಿಗೆ ಹುಳಿಹಾಲಿನ ಬ್ಯಾಕ್ಟೀರಿಯಾವನ್ನು ಮದ್ದಾಗಿ ಸೂಚಿಸಿದರು. 1908ರಲ್ಲಿ ರೋಗನಿರೋಧದ ಸಂಶೋಧನೆಗಾಗಿ ಅವರಿಗೆ ಬಂದ ನೊಬೆಲ್, ಈ ಮಾತಿಗೂ ತೂಕ ತಂದಿರಬೇಕು. 1910ರಲ್ಲಿ ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಯ ಜಾರ್ಜ್ ಪೋರ್ಟರ್ ಫಿಲಿಪ್ಸ್ 18 ಮಂದಿ ವಿಷಣ್ಣ ರೋಗಿಗಳಿಗೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಕೊಟ್ಟು, 11 ಮಂದಿ ಪೂರ್ಣ ಗುಣವಾದರೆಂದು ವರದಿ ಮಾಡಿದರು. ಇಂದಿನ ಲೇಖಕರು ಇದನ್ನು ಕಾಲಕ್ಕಿಂತ ಮುಂದಿದ್ದ ಶೋಧವೆಂದು ಕೊಂಡಾಡುತ್ತಾರೆ. ಆದರೆ ಆ ಮದ್ದಿಲ್ಲದೆ ಇದ್ದ ರೋಗಿಗಳ ಗುಂಪು ಅದರಲ್ಲಿರಲಿಲ್ಲ. ಖಿನ್ನತೆ ಅನೇಕರಲ್ಲಿ ತಾನಾಗಿಯೇ ಇಳಿಯುವ ಕಾಯಿಲೆ.

ಅದೇ ನಂಬಿಕೆಯ ಕರಾಳ ಮುಖ ಕಂಡದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಟ್ರೆಂಟನ್ ಸರ್ಕಾರಿ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್, ದೇಹದಲ್ಲಿ ಅಡಗಿದ ಸೋಂಕೇ ಹುಚ್ಚಿನ ಮೂಲವೆಂದು ನಂಬಿ ರೋಗಿಗಳ ಹಲ್ಲು, ಟಾನ್ಸಿಲ್, ಕೊನೆಗೆ ದೊಡ್ಡ ಕರುಳನ್ನೇ ತೆಗೆಸತೊಡಗಿದರು. ಶೇ. 85ರಷ್ಟು ರೋಗಿಗಳು ಗುಣವಾಗುತ್ತಾರೆಂಬುದು ಅವರ ಹೇಳಿಕೆ. ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಸುಮಾರು ಶೇ. 30ರಷ್ಟು ಮಂದಿ ಸಾಯುತ್ತಿದ್ದರೆಂಬುದೂ ಅವರದೇ ಲೆಕ್ಕ. ನ್ಯೂಯಾರ್ಕಿನಲ್ಲಿ ನಿಕೋಲಸ್ ಕೊಪೆಲಾಫ್ ಮತ್ತು ಸಹೋದ್ಯೋಗಿಗಳು ಸೋಂಕು ತೆಗೆದವರನ್ನೂ ತೆಗೆಯದವರನ್ನೂ ಹೋಲಿಸಿ, ಚೇತರಿಕೆಯಲ್ಲಿ ವ್ಯತ್ಯಾಸವಿಲ್ಲವೆಂದು 1922–23ರಲ್ಲಿ ತೋರಿಸಿದರು. ಈ ಇತಿಹಾಸದ ನಿಜವಾದ ತಿರುವು ಇದೇ. ಟ್ರೆಂಟನ್ನಿನ ದಾಖಲೆಗಳನ್ನು ಪರಿಶೀಲಿಸಿದ ಫಿಲಿಸ್ ಗ್ರೀನೇಕರ್ ಅವರ ಪ್ರತಿಕೂಲ ವರದಿಯನ್ನು ಮನೋವೈದ್ಯ ಅಡಾಲ್ಫ್ ಮೇಯರ್ ಬೆಳಕಿಗೆ ಬರಗೊಡಲಿಲ್ಲ. ಆ ಕಥೆ ವಿವರವಾಗಿ ಹೊರಬಂದದ್ದು 2005ರಲ್ಲಿ, ಆಂಡ್ರ್ಯೂ ಸ್ಕಲ್ ಅವರ ಪುಸ್ತಕದಿಂದ. ಕೊಪೆಲಾಫ್ ಪರೀಕ್ಷೆಯ ನಂತರದ ದಶಕಗಳಲ್ಲಿ ಮನೋವಿಶ್ಲೇಷಣೆ, ಬಳಿಕ ಮಾತ್ರೆಗಳು ಮನೋವೈದ್ಯವನ್ನು ಆಳಿದವು.

2004ರಲ್ಲಿ ಜಪಾನಿನ ಕ್ಯೂಷು ವಿಶ್ವವಿದ್ಯಾಲಯದ ನೊಬುಯುಕಿ ಸುಡೊ ತಂಡ, ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಕಟ್ಟಿಹಾಕಿದಾಗ ಅವುಗಳಲ್ಲಿ ಒತ್ತಡದ ಹಾರ್ಮೋನು ಮಾಮೂಲಿಗಿಂತ ಹೆಚ್ಚು ಏರುವುದನ್ನು ಕಂಡಿತು. ಎಳೆಯ ವಯಸ್ಸಿನಲ್ಲೇ ಬ್ಯಾಕ್ಟೀರಿಯಾ ಸೇರಿಸಿದರೆ ಮಾತ್ರ ಇದು ಸರಿಹೋಗುತ್ತಿತ್ತು. ಆದರೆ 2011ರ ಸ್ವೀಡನ್ನಿನ ಪ್ರಯೋಗದಲ್ಲಿ ಅಂಥವೇ ಸೂಕ್ಷ್ಮಜೀವಿರಹಿತ ಇಲಿಗಳು ಮಾಮೂಲಿ ಇಲಿಗಳಿಗಿಂತ ಕಡಿಮೆ ಆತಂಕ ತೋರಿದವು. ಇದು ವಿರೋಧಾಭಾಸವಲ್ಲವೇ ಎಂಬ ಆಕ್ಷೇಪಕ್ಕೆ ಭಾಗಶಃ ಉತ್ತರವಿದೆ: ಇಲಿಗಳ ತಳಿ ಬೇರೆ, ಹಾರ್ಮೋನಿನ ಏರಿಕೆ ಮತ್ತು ನಡವಳಿಕೆಯ ಅಳತೆಗಳೂ ಬೇರೆ. ಅದೇ ವರ್ಷ ಕೆನಡಾದಲ್ಲಿ ಪುಕ್ಕಲು ತಳಿ ಮತ್ತು ಧೈರ್ಯದ ತಳಿಯ ಇಲಿಗಳ ಬ್ಯಾಕ್ಟೀರಿಯಾಗಳನ್ನು ಅದಲುಬದಲು ಮಾಡಿದಾಗ ಸ್ವಭಾವವೂ ಅದಲುಬದಲಾಯಿತು. ಐರ್ಲೆಂಡಿನ ಕಾರ್ಕ್ ತಂಡದ ಪ್ರಯೋಗದಲ್ಲಿ ಒಂದು ಲ್ಯಾಕ್ಟೋಬ್ಯಾಸಿಲಸ್ ತಳಿ ಇಲಿಗಳ ಆತಂಕ ತಗ್ಗಿಸಿತು. ಕರುಳನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರ ಕತ್ತರಿಸಿದಾಗ ಆ ಪರಿಣಾಮ ಕಾಣಲಿಲ್ಲ. ಇಲಿಗಳ ಮಟ್ಟಿಗೆ ನಂಟು ಇದೆ ಎನ್ನಲು ಇಷ್ಟು ಸಾಕು. ಸೆರೊಟೋನಿನ್‌ನ ಬಹುಪಾಲು ಕರುಳಿನಲ್ಲೇ ತಯಾರಾಗುತ್ತದೆ, ಹಾಗಾಗಿ ಮನಸ್ಸೂ ಅಲ್ಲೇ ತಯಾರಾಗುತ್ತದೆ ಎಂಬ ವಾದ ಮಾತ್ರ ದುರ್ಬಲ, ಏಕೆಂದರೆ ಆ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ.

ಮನುಷ್ಯರಲ್ಲಿ ಸಾಕ್ಷ್ಯ ತೆಳುವಾಗುತ್ತದೆ. ಬೆಲ್ಜಿಯಂನ 1,054 ಜನರನ್ನು ಅಭ್ಯಸಿಸಿದ 2019ರ ಅಧ್ಯಯನದಲ್ಲಿ ಖಿನ್ನರಲ್ಲಿ ಕೊಪ್ರೊಕಾಕಸ್, ಡಯಾಲಿಸ್ಟರ್ ಬ್ಯಾಕ್ಟೀರಿಯಾಗಳು ಕಡಿಮೆಯಿದ್ದವು. ಖಿನ್ನತೆಯ ಮಾತ್ರೆಗಳ ಪ್ರಭಾವವನ್ನು ಕಳೆದ ಮೇಲೂ ಹಾಗೆಯೇ ಇತ್ತು. ಆದರೂ ಊಟ ಬಿಟ್ಟದ್ದರಿಂದ ಬ್ಯಾಕ್ಟೀರಿಯಾ ಕುಗ್ಗಿತೋ, ಬ್ಯಾಕ್ಟೀರಿಯಾ ಕುಗ್ಗಿದ್ದರಿಂದ ಮನಸ್ಸು ಕುಗ್ಗಿತೋ ಎಂಬುದನ್ನು ಇಂಥ ಗಣತಿ ಹೇಳಲಾರದು. ರೋಗಿಗಳ ಬ್ಯಾಕ್ಟೀರಿಯಾವನ್ನು ಇಲಿಗೆ ದಾಟಿಸಿದಾಗ ರೋಗಲಕ್ಷಣವೂ ದಾಟುತ್ತದೆಯಲ್ಲ ಎಂಬುದು ಪ್ರತಿವಾದ. ಬೇರೆ ಬೇರೆ ಕಾಯಿಲೆಗಳ ಕುರಿತ ಅಂಥ 38 ಅಧ್ಯಯನಗಳನ್ನು 2020ರಲ್ಲಿ ವಿಮರ್ಶಿಸಿದಾಗ ಶೇ. 95ರಲ್ಲಿ ಲಕ್ಷಣ ದಾಟಿದ ವರದಿಯಿತ್ತು. ಇಷ್ಟು ಯಶಸ್ಸು ನಂಬಲರ್ಹವಲ್ಲವೆಂದು ವಿಮರ್ಶಕರೇ ಬರೆದರು. ಇಲಿಗಳಲ್ಲಿ ಗೆದ್ದ ಕಾರ್ಕ್‌ನ ತಳಿ 2017ರಲ್ಲಿ 29 ಆರೋಗ್ಯವಂತ ಪುರುಷರಲ್ಲಿ ಹುಸಿಮಾತ್ರೆಗಿಂತ ಉತ್ತಮ ಫಲ ಕೊಡಲಿಲ್ಲ. 2023ರಲ್ಲಿ ಲಂಡನ್ನಿನಿಂದ ವರದಿಯಾದ, ಮಾತ್ರೆಯ ಜೊತೆಗೆ ಪ್ರೊಬಯಾಟಿಕ್ ಕೊಟ್ಟ ಪ್ರಯೋಗ ಭರವಸೆ ಮೂಡಿಸಿದರೂ ಅದರಲ್ಲಿದ್ದವರು 49 ಮಂದಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022 ಮತ್ತು 2023ರಲ್ಲಿ ಮಲದ ಸೂಕ್ಷ್ಮಜೀವಿಗಳಿಂದ ತಯಾರಾದ ಎರಡು ಔಷಧಗಳಿಗೆ ಒಪ್ಪಿಗೆ ಕೊಟ್ಟಿತು. ಎರಡೂ ಮರುಕಳಿಸುವ ಕ್ಲಾಸ್ಟ್ರಿಡಿಯಂ ಸೋಂಕನ್ನು ತಡೆಯಲು, ಖಿನ್ನತೆಗಲ್ಲ.