ಭೋಗ್ಯದ ಗದ್ದೆ, ಕಂತಿನ ಮನೆ

ನನ್ನ ತವರು ಸೊರಬ ತಾಲೂಕಿನ ಒಂದು ಸಣ್ಣ ಹಳ್ಳಿ. ಕೆಲಸ, ಮನೆ, ಸಂಸಾರ ಎಲ್ಲ ಶಿಕಾರಿಪುರದಲ್ಲಿ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುತ್ತಾ ಈ ಎರಡರ ನಡುವೆ ಮೂವತ್ತು ವರ್ಷ ಓಡಾಡಿದ್ದೇನೆ. ಕಳೆದ ಮಳೆಗಾಲದಲ್ಲಿ ತವರಿಗೆ ಹೋಗಿದ್ದಾಗ, ಅಟ್ಟದ ಕಾಗದಗಳಿಗೆಲ್ಲ ಗೆದ್ದಲು ಹಿಡಿದಿದೆ ಎಂದು ತಮ್ಮ ಹಳೆಯ ಟ್ರಂಕೊಂದನ್ನು ಕೆಳಗಿಳಿಸಿದ. ಕಂದಾಯದ ರಸೀದಿ, ಜಾತಕ, ಪಂಚಾಂಗಗಳ ನಡುವೆ ಛಾಪಾಕಾಗದದ ಒಂದು ಪತ್ರವಿತ್ತು. ಅಡ್ಡಕ್ಕೆ ಅರ್ಧದಷ್ಟು ಹರಿದಿತ್ತು. ಗೆದ್ದಲು ಮಾಡಿದ ಕೆಲಸವಲ್ಲ, ಕೈಯಿಂದ ಹರಿದದ್ದು. ಸಾಲ ತೀರಿದ ದಿನ ಪತ್ರವನ್ನು ಹರಿದು ಸಾಲಗಾರನ ಕೈಗೆ ಕೊಡುವ ರೂಢಿ ನಮ್ಮ ಕಡೆ ಇತ್ತು.

1958ರ ಯುಗಾದಿಯಂದು ನನ್ನ ಅಜ್ಜ ಬರೆದುಕೊಟ್ಟ ಭೋಗ್ಯಪತ್ರ ಅದು. ಸೋದರತ್ತೆಯ ಮದುವೆಗೆಂದು ಒಂದೂವರೆ ಸಾವಿರ ರೂಪಾಯಿ ಸಾಲ, ಅದಕ್ಕೆ ಎರಡು ಎಕರೆ ಗದ್ದೆ ಇಪ್ಪತ್ತು ವರ್ಷದ ಭೋಗ್ಯ. ಸಾಲ ಕೊಟ್ಟವರು ಗದ್ದೆ ಹಿಡಿದು ಉಳುತ್ತಾರೆ, ಬೆಳೆ ಒಯ್ಯುತ್ತಾರೆ. ಬೆಳೆಯೇ ಬಡ್ಡಿ. ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಒಂದೂವರೆ ಸಾವಿರವನ್ನು ಒಂದೇ ಗಂಟಾಗಿ ತಂದಿಟ್ಟರೆ ಗದ್ದೆ ಹಿಂದಕ್ಕೆ. ಆ ಗದ್ದೆ ವರ್ಷಕ್ಕೆ ಹದಿನೆಂಟು ಚೀಲ ಭತ್ತ ಕೊಡುತ್ತಿತ್ತು ಎಂದು ಅಮ್ಮ ಹೇಳುತ್ತಾಳೆ. ಖರ್ಚಿಗೆ ಅರ್ಧ ಕಳೆದರೂ ಒಂಬತ್ತು ಚೀಲ. ಇಪ್ಪತ್ತು ವರ್ಷಕ್ಕೆ ನೂರ ಎಂಬತ್ತು ಚೀಲ. ನಾವು ಆ ವರ್ಷಗಳಲ್ಲಿ ಸೊಸೈಟಿ ಅಕ್ಕಿಗೆ ಚೀಲ ಹಿಡಿದು ನಿಲ್ಲುತ್ತಿದ್ದೆವು.

ಈ ಭೋಗ್ಯ ಇಂದು ನಿನ್ನೆಯದಲ್ಲ. ಚಾಲುಕ್ಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ನಮ್ಮ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಆಗ ಬನವಾಸಿ ನಾಡಿನ ದೊಡ್ಡ ಪಟ್ಟಣ, ವರ್ತಕರೂ ಮಠಗಳೂ ತುಂಬಿದ್ದ ಊರು. ವಿಜ್ಞಾನೇಶ್ವರ ಅಡವನ್ನು ಎರಡು ಬಗೆ ಮಾಡುತ್ತಾನೆ. ಒಂದು ಸುಮ್ಮನೆ ಕಾಪಾಡಿ ಇಡುವುದು, ಅದು ಗೋಪ್ಯ. ಇನ್ನೊಂದು ಫಲ ಉಣ್ಣುವುದು, ಅದು ಭೋಗ್ಯ. ಫಲ ಉಣ್ಣುವ ಅಡವು ಎಷ್ಟು ಕಾಲವಾದರೂ ಒಡೆಯನ ಕೈತಪ್ಪಿ ಹೋಗದು ಎಂಬುದು ಅಲ್ಲಿನ ನಿಯಮ. ಬಿ.ಇಡಿ. ಮಾಡಿದ ನಾನು ಇದನ್ನು ಓದಿದ್ದು ನಲವತ್ತು ದಾಟಿದ ಮೇಲೆ. ಓದಿದಾಗ ಅಜ್ಜನ ಪತ್ರದಲ್ಲಿದ್ದ ಪದವೇ ಅಲ್ಲೂ ಕಂಡು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ.

ಕೈತಪ್ಪದು ಎನ್ನುವುದು ಸರಿ. ಆದರೆ ಬೇಗ ಬಿಡಿಸಿಕೊಳ್ಳಬಹುದೇ? ಅಲ್ಲೇ ಅಮ್ಮನ ಕತೆ ಇರುವುದು.

ಅಮ್ಮ ಈ ಮನೆಗೆ ಸೊಸೆಯಾಗಿ ಬಂದದ್ದು 1965ರಲ್ಲಿ. ಅಪ್ಪನಿಗೆ ಸಣ್ಣ ಸಂಬಳದ ಕೆಲಸ, ಉಳಿದ ಮುಕ್ಕಾಲು ಎಕರೆಯ ಬೇಸಾಯ. ಅಮ್ಮ ಹಾಲು ಮಾರಿದಳು, ತುಪ್ಪ ಕಾಸಿ ಮಾರಿದಳು. ಸುಗ್ಗಿಯಲ್ಲಿ ರಾತ್ರಿ ಹನ್ನೆರಡರವರೆಗೆ ಪರರ ಅಂಗಳದಲ್ಲಿ ಅಡಿಕೆ ಸುಲಿದಳು. ಸೋದರತ್ತೆಯ ಮದುವೆಯ ಊಟ ಉಂಡವಳಲ್ಲ, ಅದರ ಸಾಲಕ್ಕೆ ಒಂಬತ್ತು ವರ್ಷ ಗಂಟು ಕಟ್ಟಿದಳು. ದುಡ್ಡು ಅಂಚೆ ಕಚೇರಿಯ ಉಳಿತಾಯ ಪುಸ್ತಕದಲ್ಲಿ. 1974ರ ಯುಗಾದಿಗೆ ಒಂದೂವರೆ ಸಾವಿರ ಕೂಡಿತು.

ಅದೇ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಿತ್ತು. ನೆರೆಯ ಸಾಗರ ತಾಲೂಕಿನಲ್ಲಿ 1951ರ ಕಾಗೋಡು ಸತ್ಯಾಗ್ರಹ ಕಂಡ ಸೀಮೆ ನಮ್ಮದು. ಊರಲ್ಲೆಲ್ಲ ಡಿಕ್ಲರೇಷನ್ನಿನದೇ ಮಾತು. ಗೇಣಿದಾರರ ಮನೆಗಳಲ್ಲಿ ಹಬ್ಬ. ನಮ್ಮ ಮನೆಯಲ್ಲಿ ಮಾತ್ರ ದಿಗಿಲು. ಹದಿನಾರು ವರ್ಷದಿಂದ ಗದ್ದೆ ಉಳುತ್ತಿರುವವರು ‘ಉಳುವವನೇ ಹೊಲದೊಡೆಯ’ ಎಂದು ಅರ್ಜಿ ಹಾಕಿದರೆ? ಅಪ್ಪ ಸೊರಬಕ್ಕೆ ಹೋಗಿ ವಕೀಲರನ್ನು ಕೇಳಿ ಬಂದರು. ಅಡಮಾನದ ಮೇಲೆ ಸ್ವಾಧೀನದಲ್ಲಿರುವವನು ಕಾಯಿದೆಯ ಪ್ರಕಾರ ಗೇಣಿದಾರನಲ್ಲ ಎಂದರಂತೆ ಅವರು. ಆದರೂ ಬೇಗ ಬಿಡಿಸಿಕೊಳ್ಳುವುದೇ ವಾಸಿ ಎಂದು ಅಪ್ಪ ಅಮ್ಮ ಇಬ್ಬರೂ ದುಡ್ಡು ತೆಗೆದುಕೊಂಡು ಸಾಹುಕಾರರ ಜಗಲಿಗೆ ಹೋದರು. ಐದು ವರ್ಷದ ನನ್ನನ್ನೂ ಕರೆದೊಯ್ದಿದ್ದರಂತೆ. ನನಗೆ ನೆನಪಿಲ್ಲ.

“ಇನ್ನೂ ನಾಲ್ಕು ವರ್ಷ ಇದೆಯಲ್ಲ ತಂಗೀ, ಅವಸರ ಏನು? ಅವಧಿ ಮುಗೀಲಿ.”

ಅವರು ಗದರಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ತಪ್ಪೂ ಮಾಡಲಿಲ್ಲ, ಏಕೆಂದರೆ 1882ರ ಆಸ್ತಿ ವರ್ಗಾವಣೆ ಕಾಯಿದೆಯಲ್ಲಿ ಅಡಮಾನ ಬಿಡಿಸಿಕೊಳ್ಳುವ ಹಕ್ಕು ಹುಟ್ಟುವುದು ಸಾಲದ ವಾಯಿದೆ ಬಂದ ಮೇಲೆ. ಬೆಳೆಯನ್ನು ಬಡ್ಡಿಗಷ್ಟೇ ಅಲ್ಲದೆ ಅಸಲಿಗೂ ಜಮಾ ಮಾಡುವಂತೆ ಬರೆಸಿಕೊಳ್ಳಲು ಅದೇ ಕಾಯಿದೆಯಲ್ಲಿ ಅವಕಾಶವಿತ್ತು. ಆದರೆ ಮಗಳ ಮದುವೆ ಎದುರಿಗಿಟ್ಟುಕೊಂಡ ಅಜ್ಜ ಪತ್ರದ ಸಾಲುಗಳ ಬಗ್ಗೆ ಚರ್ಚೆ ಮಾಡುವ ಸ್ಥಿತಿಯಲ್ಲಿ ಇದ್ದಿರಲಾರರು.

ಹಾಗೆ ಹಿಂದಕ್ಕೆ ಬಂದ ದುಡ್ಡನ್ನು ನಾಲ್ಕು ವರ್ಷ ಕಾಯುವುದು, ಕೂಡಿಸುವುದಕ್ಕಿಂತ ಕಷ್ಟವಾಯಿತು. ಮನೆಯಲ್ಲಿ ದುಡ್ಡಿದೆ ಎಂದು ಗೊತ್ತಾದರೆ ಖರ್ಚು ತಾನೇ ಹುಡುಕಿಕೊಂಡು ಬರುತ್ತದೆ, ನಿಮಗೆ ಗೊತ್ತಿರುವುದೇ. ತಮ್ಮನಿಗೆ ವಿಷಮಶೀತ ಜ್ವರ ಬಂತು, ಮುನ್ನೂರು ಹೋಯಿತು. ಎತ್ತು ಸತ್ತಿತು, ಇನ್ನಷ್ಟು ಹೋಯಿತು. 1976ರಲ್ಲಿ ಋಣ ಪರಿಹಾರ ಕಾಯಿದೆ ಬಂದು ಎಷ್ಟೋ ಬಡವರ ಸಾಲ ಮನ್ನಾ ಆಯಿತು. ಸಂಬಳವಿದ್ದ ನಮ್ಮ ಮನೆ ಆ ಗೆರೆಯೊಳಗೆ ಸೇರಲಿಲ್ಲ. ಕೊನೆಗೆ 1978ರ ಯುಗಾದಿಗೆ ಅಮ್ಮ ತನ್ನ ಎರಡು ಬಳೆ ಮಾರಿ ಮೊತ್ತ ಸರಿಮಾಡಿದಳು. ನಾಲ್ಕು ವರ್ಷದ ಆ ಮೂವತ್ತಾರು ಚೀಲದ ಲೆಕ್ಕವನ್ನು ಈಗಲೂ ಬಾಯಲ್ಲಿ ಇಟ್ಟುಕೊಂಡಿದ್ದಾಳೆ.

ಆಗ ಬ್ಯಾಂಕು ಸೊಸೈಟಿ ಇರಲಿಲ್ಲವೇ ಎಂದು ಕೇಳುವಿರಿ. ಇದ್ದವು. ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾನೂನು 1905ರಲ್ಲೇ ಬಂತು. ಜಮೀನಿನ ಆಧಾರದ ಮೇಲೆ ದೀರ್ಘಾವಧಿ ಸಾಲ ಕೊಡಲು 1929ರಲ್ಲಿ ಬೆಂಗಳೂರಿನಲ್ಲಿ ಭೂ ಅಡಮಾನ ಬ್ಯಾಂಕು ಸ್ಥಾಪನೆಯಾಯಿತು. ಅದರ ಕವಲೇ ಮುಂದೆ ತಾಲೂಕುಗಳಲ್ಲಿ ಜನ ಪಿಎಲ್‌ಡಿ ಬ್ಯಾಂಕು ಎಂದು ಕರೆದದ್ದು. ಆದರೆ 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆದಾಗ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಸುಮಾರು ಮೂರು ಮಾತ್ರ. ಅಜ್ಜ 1958ರಲ್ಲಿ ಸಾಹುಕಾರರ ಜಗಲಿ ಹತ್ತಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಭೂ ಅಡಮಾನ ಬ್ಯಾಂಕು ಕೊಡುತ್ತಿದ್ದದ್ದು ಬಾವಿಗೆ, ಪಂಪಿಗೆ, ಜಮೀನು ಸುಧಾರಣೆಗೆ, ಹಳೆಯ ಸಾಲ ತೀರಿಸಲಿಕ್ಕೆ. ಮಗಳ ಮದುವೆಗಲ್ಲ.

ಹೆಂಗಸರ ಕಣ್ಣಿನಿಂದ ನೋಡಿದರೆ ಆ ಬ್ಯಾಂಕುಗಳು ತಂದ ದೊಡ್ಡ ವಸ್ತು ಕಡಿಮೆ ಬಡ್ಡಿಯಲ್ಲ, ಕಂತು. ಚರಿತ್ರೆಯ ಪುಸ್ತಕಗಳು ಇದನ್ನು ಹೇಳುವುದಿಲ್ಲ. ಭೋಗ್ಯದಲ್ಲಿ ಹತ್ತು ರೂಪಾಯಿಗೆ ಬೆಲೆ ಇಲ್ಲ, ಪೂರ್ತಿ ಗಂಟಿಗೆ ಮಾತ್ರ ಬೆಲೆ. ಗಂಟು ಗಂಡಸರ ಕೈಯಲ್ಲಿ ಓಡಾಡುವ ವಸ್ತು. ಅಡಿಗೆಮನೆಯಲ್ಲಿ ಉಳಿಯುವುದು ಚಿಲ್ಲರೆ. ಆ ಚಿಲ್ಲರೆ ಸಾಲದ ಅಸಲನ್ನು ಮುಟ್ಟುವ ದಾರಿ ಕಂತು ಬರುವವರೆಗೆ ಇರಲಿಲ್ಲ.

ಇನ್ನು ನನ್ನ ಲೆಕ್ಕ. ಶಿಕಾರಿಪುರದಲ್ಲಿ ನಾವು ಮನೆ ಕಟ್ಟುವ ಮೊದಲು ಒಂದು ಭೋಗ್ಯದ ಮನೆಯಲ್ಲಿದ್ದೆವು. 2001ರಲ್ಲಿ ಐವತ್ತು ಸಾವಿರ ಕೊಟ್ಟು ಮೂರು ವರ್ಷಕ್ಕೆ ಕರಾರು. ಬಾಡಿಗೆ ಇಲ್ಲ, ಅವಧಿ ಮುಗಿದಾಗ ದುಡ್ಡು ವಾಪಸು. ಮನೆಯ ಒಡತಿ ಗಂಡ ತೀರಿಕೊಂಡ ವಯಸ್ಸಾದ ಹೆಂಗಸು, ಮಗಳ ಮನೆಯಲ್ಲಿ ಇದ್ದರು. 2003ರಲ್ಲಿ ಒಂದು ಭಾನುವಾರ ಅವರು ಐವತ್ತು ಸಾವಿರವನ್ನೂ ಚೀಲದಲ್ಲಿಟ್ಟುಕೊಂಡು ಬಂದರು. “ಟೀಚರಮ್ಮ, ದುಡ್ಡು ಹೊಂದಿಸಿದ್ದೀನಿ, ನನ್ನ ಮನೆ ನನಗೆ ಬಿಟ್ಟುಕೊಡಿ” ಎಂದರು. ನಮಗೆ ಸೈಟಿನ ಕೆಲಸ ಶುರುವಾಗಬೇಕಿತ್ತು, ಮಗಳಿಗೆ ಪರೀಕ್ಷೆ, ಬೇರೆ ಮನೆಗೆ ಬಾಡಿಗೆ ದಂಡ. ನಾನೇ ಹೇಳಿದೆ, ಇನ್ನೊಂದು ವರ್ಷ ಇದೆಯಲ್ಲಮ್ಮ, ಅವಧಿ ಮುಗೀಲಿ ಎಂದು. ಕಾಫಿ ಕೊಟ್ಟೆ. ಅವರು ಕುಡಿದು ಹೋದರು.

2004ರಲ್ಲಿ ಬ್ಯಾಂಕಿನಿಂದ ನಾಲ್ಕು ಲಕ್ಷ ಸಾಲ ತೆಗೆದು ಎರಡು ಕೋಣೆಯ ಮನೆ ಎತ್ತಿದೆವು. ನೂರಕ್ಕೆ 9ರ ಬಡ್ಡಿ, 15 ವರ್ಷ, ತಿಂಗಳಿಗೆ 4,057 ರೂಪಾಯಿ ಕಂತು. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಗೆ ಹೋದದ್ದು 3,000, ಅಸಲಿಗೆ 1,057. ಪಾಸ್‌ಬುಕ್ಕಿನಲ್ಲಿ ಅದನ್ನು ನೋಡಿ ನನಗೆ ಗದ್ದೆ ಕಣ್ಣಿಗೆ ಕಟ್ಟಿತು, ಬೆಳೆಯೆಲ್ಲ ಬಡ್ಡಿಗೆ. ಒಂದು ಭಾನುವಾರ ಲೆಕ್ಕ ಬಲ್ಲ ಸಹೋದ್ಯೋಗಿಯೊಬ್ಬರ ಜೊತೆ ಕೂತು ಬರೆಸಿಕೊಂಡೆ. ಬಡ್ಡಿ ಒಂದೇ ಸಮ ಇದ್ದರೆ 15 ವರ್ಷಕ್ಕೆ ಕಟ್ಟುವುದು 7 ಲಕ್ಷ 30 ಸಾವಿರ. ತಿಂಗಳಿಗೆ ಸಾವಿರ ಜಾಸ್ತಿ ಕಟ್ಟಿದರೆ ಸಾಲ 10 ವರ್ಷಕ್ಕೆ ಮುಗಿಯುತ್ತದೆ, 1 ಲಕ್ಷ 20 ಸಾವಿರದಷ್ಟು ಉಳಿಯುತ್ತದೆ.

ಆ ಸಾವಿರ ಎಲ್ಲಿಂದ? ಇವರ ಪುಸ್ತಕದಂಗಡಿ ಜೂನ್ ಜುಲೈನಲ್ಲಿ ತುಂಬುತ್ತದೆ, ಉಳಿದ ತಿಂಗಳು ಅಷ್ಟಕ್ಕಷ್ಟೆ. ಹಾಗಾಗಿ ಸಂಸಾರ ನನ್ನ ಸಂಬಳದಲ್ಲಿ, ಅಂಗಡಿಯದು ಕಷ್ಟಕ್ಕೆ ಎಂದು ಒಪ್ಪಂದ ಮಾಡಿಕೊಂಡೆವು. ಎರಡು ಚೀಟಿ ಬಿಟ್ಟೆ. ತುಟ್ಟಿಭತ್ಯೆ ಏರಿದಾಗಲೆಲ್ಲ ಏರಿದಷ್ಟನ್ನು ಕೈಗೆ ಬರುವ ಮೊದಲೇ ಸಾಲದ ಪುಸ್ತಕಕ್ಕೆ ಬರೆದುಬಿಡುತ್ತಿದ್ದೆ. ನೋಡದ ದುಡ್ಡಿಗೆ ಆಸೆ ಕಡಿಮೆ. ಗಳಿಕೆ ರಜೆ ಮಾರಿದ ಹಣವೂ ಅಲ್ಲಿಗೇ. ಹಾಲಿನಲ್ಲಿ, ತರಕಾರಿಯಲ್ಲಿ ಉಳಿಸಲು ಹೋಗಲಿಲ್ಲ. ಹೋಗಿ ನೋಡಿದ್ದೆ, ತಿಂಗಳಿಗೆ ನೂರು ಉಳಿದು ಮನೆಯಲ್ಲಿ ನೂರು ಜಗಳ. ಮಗಳ ಶಾಲೆಯವರು ಹಂಪಿಗೆ ಪ್ರವಾಸ ಹೊರಟಾಗ ಕಳಿಸಲಿಲ್ಲ. ಆಕೆ ಈಗಲೂ ಹಂಪಿಯ ಹೆಸರು ಬಂದರೆ ನನ್ನ ಮುಖ ನೋಡುತ್ತಾಳೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. 2009ರಲ್ಲಿ ಕೈಯಲ್ಲಿದ್ದ ಮೂವತ್ತು ಸಾವಿರವನ್ನೂ ಒಟ್ಟಿಗೆ ಒಯ್ದು ಸಾಲಕ್ಕೆ ತುಂಬಿದೆ. ಅವಧಿಗೆ ಮುಂಚೆ ಕಟ್ಟುತ್ತೀರಿ ಎಂದು ಬ್ಯಾಂಕಿನವರು ನೂರಕ್ಕೆ ಎರಡರಂತೆ 600 ರೂಪಾಯಿ ಶುಲ್ಕ ಹಿಡಿದರು. ಕೌಂಟರಿನಲ್ಲಿದ್ದ ಹುಡುಗ ಬಹಳ ಮರ್ಯಾದೆಯಿಂದ, “ಅವಸರ ಏನಿತ್ತು ಮೇಡಂ?” ಎಂದ. ನನಗೆ ನಗು ಬಂತು, ಅವನಿಗೆ ಏಕೆಂದು ತಿಳಿಯಲಿಲ್ಲ. ಎರಡೇ ತಿಂಗಳಿಗೆ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಲು ಕೈಯಲ್ಲಿ ಕಾಸಿಲ್ಲ. ಸಾಲಕ್ಕೆ ಕಟ್ಟಿದ್ದು ಕೇಳಿದರೆ ಬರುವುದಿಲ್ಲವಲ್ಲ. ಸರ ಅಡವಿಟ್ಟು ಮನೆಸಾಲಕ್ಕಿಂತ ಹೆಚ್ಚಿನ ಬಡ್ಡಿಗೆ ತಂದೆ. ಆಮೇಲಿಂದ ಮೂರು ತಿಂಗಳ ಖರ್ಚು ಬೇರೆ ಇಟ್ಟೇ ಸಾಲದ ಮಾತು.

2012ರ ಜೂನಿನಲ್ಲಿ ರಿಸರ್ವ್ ಬ್ಯಾಂಕು, ಏರಿಳಿಯುವ ಬಡ್ಡಿಯ ಮನೆಸಾಲವನ್ನು ಮುಂಚೆ ತೀರಿಸಿದರೆ ಬ್ಯಾಂಕುಗಳು ಶುಲ್ಕ ಹಾಕಕೂಡದು ಎಂದು ಆದೇಶ ಮಾಡಿತು. ಪತ್ರಿಕೆಯ ಮೂಲೆಯಲ್ಲಿ ಬಂದ ಸಣ್ಣ ಸುದ್ದಿ. ಸ್ಟಾಫ್ ರೂಮಿನಲ್ಲಿ ಯಾರೂ ಗಮನಿಸಲಿಲ್ಲ. ನಾನು ಕತ್ತರಿಸಿ ಲೆಕ್ಕದ ಪುಸ್ತಕಕ್ಕೆ ಅಂಟಿಸಿದೆ. ನಡುವೆ ಬಡ್ಡಿ ಏರಿದ್ದರೂ ಆಗಾಗ ತುಂಬಿದ ಸಣ್ಣ ಗಂಟುಗಳು ಅದನ್ನು ಸರಿದೂಗಿಸಿದ್ದವು. 2013ರ ನವೆಂಬರಿನಲ್ಲಿ, ಐದೂವರೆ ವರ್ಷ ಮುಂಚೆ, ಸಾಲ ಮುಗಿಯಿತು. ಬ್ಯಾಂಕಿನವರು ಈಗ ಪತ್ರ ಹರಿಯುವುದಿಲ್ಲ, ಮೂಲಪತ್ರಗಳನ್ನು ಎಣಿಸಿ ಕೊಡುತ್ತಾರೆ. ನೀವು ಅಷ್ಟಕ್ಕೇ ಸುಮ್ಮನಾಗಬೇಡಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ, ಅಡಮಾನದ ನಮೂದು ವಜಾ ಆಗಿದೆಯೇ ನೋಡಿ. ನನ್ನದು ಆಗಿರಲಿಲ್ಲ, ಮೂರು ಸಲ ಅಲೆದೆ. ಮರುವರ್ಷ, 2014ರಲ್ಲಿ, ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ ಭೋಗ್ಯದ ಜಮೀನನ್ನು ಬಿಡಿಸಿಕೊಳ್ಳಲು ಮೂವತ್ತು ವರ್ಷದ ಕಾಲಮಿತಿ ಅಡ್ಡಬಾರದು, ಹಣ ಸಂದಾಯವಾಗುವವರೆಗೂ ಒಡೆಯನ ಹಕ್ಕು ಉಳಿದೇ ಇರುತ್ತದೆ ಎಂದಿತು. ವಿಜ್ಞಾನೇಶ್ವರನಿಗೆ ಇದು ಹೊಸದೆನಿಸುತ್ತಿರಲಿಲ್ಲ.

ಟ್ರಂಕು ತೆಗೆದ ದಿನ ಮಳೆ ಬಿಟ್ಟಿರಲಿಲ್ಲ. ಎಂಬತ್ತು ದಾಟಿದ ಅಮ್ಮ ಹರಿದ ಪತ್ರವನ್ನು ಮಡಿಲಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಸಾಹುಕಾರರ ಕಾಫಿಯ ಕತೆ ಮತ್ತೊಮ್ಮೆ ಬಂತು, ಮೂವತ್ತಾರು ಚೀಲವೂ ಬಂತು. ಯಾಕೋ ಅಂದು ನನ್ನ ಭೋಗ್ಯದ ಮನೆಯ ಒಡತಿಯ ವಿಷಯ ಹೇಳಿಬಿಟ್ಟೆ. ಅಷ್ಟು ವರ್ಷ ಹೇಳಿರಲಿಲ್ಲ. ಕರಾರಿನಲ್ಲಿ ಇದ್ದದ್ದೇ ಹಾಗೆ, ನಾವೇನು ಮೋಸ ಮಾಡಲಿಲ್ಲ ಎಂದೂ ಸೇರಿಸಿದೆ.

ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದಳು, “ಆ ಒಂದು ವರ್ಷ ಆಕೆ ಎಲ್ಲಿದ್ದಳೇ? ಮಗಳ ಮನೆಯಲ್ಲೇ ಇದ್ದಳೋ, ಇರಲಾರದೆ ನಿನ್ನ ಹತ್ತಿರ ಬಂದಿದ್ದಳೋ?”

ನಾನು ಅವರನ್ನು ಆ ದಿನ ಕೇಳಿರಲಿಲ್ಲ.