ಅನ್ನ ಹೊತ್ತವರನ್ನು ಕಾಯುವುದು

2020ರ ಮಾರ್ಚ್ 20ರಂದು ಮುಂಬಯಿಯ ಡಬ್ಬಾವಾಲರು ಕೆಲಸ ನಿಲ್ಲಿಸಿದರು. 1890ರ ಸುಮಾರಿಗೆ ಶುರುವಾದ ವ್ಯವಸ್ಥೆ ಅದು. ಸುಮಾರು 5 ಸಾವಿರ ಜನ ದಿನಕ್ಕೆ 2 ಲಕ್ಷದಷ್ಟು ಡಬ್ಬಿಗಳನ್ನು ಮನೆಯಿಂದ ಕಚೇರಿಗೆ ಮುಟ್ಟಿಸುತ್ತಿದ್ದರು. ಅವರ ಕಸುಬು ನಿಂತಿದ್ದೇ ಲೋಕಲ್ ರೈಲಿನ ಮೇಲೆ. ಉಸಿರಿಗೆ ಉಸಿರು ತಾಗುವ ಆ ಡಬ್ಬಿಗಳಲ್ಲಿ ಪ್ರಯಾಣ ಮಾಡಿಕೊಂಡು ಸೋಂಕಿನಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಎರಡು ದಿನಗಳಲ್ಲಿ ರೈಲುಗಳೂ ನಿಂತವು. ಮಾರ್ಚ್ 24ರ ರಾತ್ರಿ ಇಡೀ ದೇಶ ಬಾಗಿಲು ಹಾಕಿಕೊಂಡಿತು.

ಊಟ ತಲುಪಿಸುವುದರಲ್ಲಿ ಲೋಕಪ್ರಸಿದ್ಧರಾದವರು ಮನೆಯಲ್ಲಿ ಕುಳಿತ ಹೊತ್ತಿಗೇ ಊಟ ತಲುಪಬೇಕಾದವರ ಸಂಖ್ಯೆ ಏರತೊಡಗಿತು. ಅಂದಂದಿನ ಕೂಲಿಯನ್ನೇ ನಂಬಿದವರು, ಕಟ್ಟಡದ ಕೆಲಸದವರು, ಫುಟ್‌ಪಾತಿನಲ್ಲಿ ಮಲಗುವವರು, ಊರಿಗೆ ಹೋಗಲಾರದೆ ಸಿಕ್ಕಿಕೊಂಡವರು ಹಸಿದರು. ಮಾರ್ಚ್ ಮುಗಿಯುವ ಮೊದಲೇ ‘ಖಾನಾ ಚಾಹಿಯೇ’ಯಂಥ ನಾಗರಿಕರ ಗುಂಪುಗಳು ಬೀದಿಗಿಳಿದವು. ಮುಚ್ಚಿದ ಹೋಟೆಲುಗಳ ಒಲೆಗಳು ಮತ್ತೆ ಹೊತ್ತಿಕೊಂಡವು. ಡಬ್ಬಾವಾಲರಿಗೆ ಅಪಾಯವೆನಿಸಿದ ಕೆಲಸಕ್ಕೆ ಈಗ ತರಬೇತಿಯಿಲ್ಲದ ಸ್ವಯಂಸೇವಕರು ಹೊರಟಿದ್ದರು. ಇವರನ್ನು ಕಾಯುವುದು ಹೇಗೆ?

ಈ ಪ್ರಶ್ನೆಗೆ ನಗರದ ಹಳೆಯ ನೆನಪುಗಳಲ್ಲಿ ಉತ್ತರ ಸುಲಭವಾಗಿ ಸಿಗುವುದಿಲ್ಲ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಮರುವರ್ಷ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ರೋಗಿಯಾದ ಹುಡುಗನೊಬ್ಬನನ್ನು ಹೊತ್ತು ಚಿಕಿತ್ಸೆಗೆ ತಂದರು. ಅದೇ ಪ್ಲೇಗಿಗೆ ತುತ್ತಾಗಿ 1897ರ ಮಾರ್ಚ್ 10ರಂದು ತೀರಿಕೊಂಡರು. 1918ರ ಇನ್‌ಫ್ಲುಯೆಂಜಾದಲ್ಲಿ ಬೊಂಬಾಯಿಯ ಜಾತಿ ಸಂಘಗಳು, ಸಮಾಜಸೇವಾ ಸಂಸ್ಥೆಗಳು ಔಷಧಿ, ಹಾಲು ಹಿಡಿದು ಕೇರಿಗಳಿಗೆ ಹೋದವು. ಇಂಥವರ ತ್ಯಾಗವನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಯಾವ ಎಚ್ಚರದಿಂದ ಎಷ್ಟು ಜನ ಉಳಿದುಕೊಂಡರು ಎಂಬುದು ಯಾವ ಸ್ಮಾರಕದಲ್ಲೂ ಇಲ್ಲ. ಸೇವೆ ಮಾಡುವವರು ಸಾವಿಗೆ ಅಂಜಬಾರದು ಎಂಬ ಮಾತು ಹಾಗೆಯೇ ಗಟ್ಟಿಯಾಗಿ ಉಳಿದುಬಂದಿದೆ.

2020ರಲ್ಲಿ ಆ ಮಾತು ಸಾಲದಾಯಿತು. ಊಟ ಹಂಚುವವರು ದಿನಕ್ಕೆ ನೂರಾರು ಜನರನ್ನು ಎದುರುಗೊಳ್ಳುತ್ತಾರೆ. ರೋಗದ ಲಕ್ಷಣವೇ ಇಲ್ಲದವರಿಂದಲೂ ಸೋಂಕು ಹರಡುತ್ತಿತ್ತು. ಹೀಗಿರುವಾಗ ಅವರ ಧೈರ್ಯ ಅವರೊಬ್ಬರ ಸ್ವಂತ ವಿಷಯವಾಗಿ ಉಳಿಯಲಿಲ್ಲ. ಬೆಳಿಗ್ಗೆ ತಾವು ಹಿಡಿಸಿಕೊಂಡದ್ದನ್ನು ಮಧ್ಯಾಹ್ನ ಸಾಲಿನಲ್ಲಿ ನಿಂತವರಿಗೆ, ಸಂಜೆ ಒಂದೇ ಕೋಣೆಯ ಮನೆಯಲ್ಲಿ ಮಲಗಿರುವ ಅಜ್ಜಿಗೆ ಅವರು ಕೊಡಬಹುದಿತ್ತು. ಸ್ವಯಂಸೇವಕರನ್ನು ಕಾಯುವುದೆಂದರೆ ಉಣ್ಣುವವರನ್ನೂ ಕಾಯುವುದು ಎಂದಾಯಿತು.

ಕಾಯುವ ಬಗೆ ಮಾತ್ರ ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಮೊದಲ ವಾರಗಳಲ್ಲಿ ಭಯವೆಲ್ಲ ಕೈಯ ಸುತ್ತ ಇತ್ತು. ಜನ ಹಾಲಿನ ಪ್ಯಾಕೆಟ್ ತೊಳೆದರು, ತರಕಾರಿಯನ್ನು ಸೋಪಿನ ನೀರಿನಲ್ಲಿ ಮುಳುಗಿಸಿದರು. ಮುಂಬಯಿ ಮಹಾನಗರಪಾಲಿಕೆ ಸಾರ್ವಜನಿಕ ಸ್ಥಳಗಳಲ್ಲಿ ಮಾಸ್ಕ್ ಕಡ್ಡಾಯ ಮಾಡಿದ್ದು ಏಪ್ರಿಲ್ 8ರಂದು. ಜನಸಾಮಾನ್ಯರಿಗೂ ಬಟ್ಟೆಯ ಮಾಸ್ಕ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಜೂನ್ 5ರಂದು. ವಸ್ತುಗಳ ಮೇಲ್ಮೈಯಿಂದ ಸೋಂಕು ತಗಲುವುದು ತೀರಾ ಅಪರೂಪ, ಮುಖ್ಯ ಅಪಾಯ ಗಾಳಿಯದು ಎಂಬುದು ಅಧಿಕೃತವಾಗಿ ಖಚಿತವಾಗುವಷ್ಟರಲ್ಲಿ 2021 ಬಂದಿತ್ತು. ಎಂದರೆ, ಅಪಾಯವಿದ್ದದ್ದು ಅನ್ನದ ಪೊಟ್ಟಣದಲ್ಲಿ ಅಲ್ಲ; ಅದಕ್ಕಾಗಿ ನಿಂತ ಸಾಲಿನಲ್ಲಿ, ಅದನ್ನು ಕಟ್ಟಿದ ಇಕ್ಕಟ್ಟಾದ ಅಡುಗೆಮನೆಯಲ್ಲಿ, ಅದನ್ನು ಹೊತ್ತೊಯ್ದ ವ್ಯಾನಿನ ಮುಚ್ಚಿದ ಕಿಟಕಿಗಳ ಹಿಂದೆ.

ಸಾಲು ಏನಾಗಬಹುದು ಎಂಬುದನ್ನು ನಗರ ಏಪ್ರಿಲ್ 14ರಂದು ಕಂಡಿತು. ಲಾಕ್‌ಡೌನ್ ಮುಂದುವರಿಯಿತೆಂದು ತಿಳಿದ ದಿನ ಬಾಂದ್ರಾ ನಿಲ್ದಾಣದ ಹೊರಗೆ ಸಾವಿರಾರು ವಲಸೆ ಕಾರ್ಮಿಕರು ನೆರೆದರು. ಪೊಲೀಸರು ಲಾಠಿ ಬೀಸಿದರು. ಅವರಿಗೆ ಬೇಕಾಗಿದ್ದು ಊರಿಗೆ ಹೋಗುವ ರೈಲು. ಆದರೆ ಎಲ್ಲಿ ನಂಬಿಕೆ ಕಳೆದುಹೋಗುತ್ತದೋ ಅಲ್ಲಿ ಅಂತರದ ನಿಯಮ ನಿಲ್ಲುವುದಿಲ್ಲ ಎಂಬುದು ಅಂದು ಎಲ್ಲರಿಗೂ ಕಂಡಿತು. ಊಟದ ಸಾಲಿಗೂ ಇದೇ ಲೆಕ್ಕ. ಗಾಡಿ ಇವತ್ತು ಬಂದು ನಾಳೆ ಬಾರದಿದ್ದರೆ ಜನ ಮುಗಿಬೀಳುತ್ತಾರೆ. ನೂರು ಜನರಿರುವಲ್ಲಿ ಅರವತ್ತೇ ಪೊಟ್ಟಣಗಳಿದ್ದರೆ ನೆಲದ ಮೇಲೆ ಸುಣ್ಣದಲ್ಲಿ ಬರೆದ ವೃತ್ತಗಳು ಅಳಿಸಿಹೋಗುತ್ತವೆ. ಮೊದಲೇ ತಲೆ ಎಣಿಸಿ, ಅದೇ ಹೊತ್ತಿಗೆ, ಅದೇ ಜಾಗಕ್ಕೆ, ಎಲ್ಲರಿಗೂ ಸಾಲುವಷ್ಟು ಒಯ್ಯುವುದು ಸ್ವಯಂಸೇವಕರಿಗೆ ಕೈಗವಸಿಗಿಂತ ದೊಡ್ಡ ರಕ್ಷಣೆ.

ಇನ್ನೊಂದು ಪಾಠವನ್ನು ಧಾರಾವಿ ಕಲಿಸಿತು. ಎರಡೂವರೆ ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ಲಕ್ಷಗಟ್ಟಲೆ ಜನ. ಬಹುಪಾಲು ಮನೆಗಳಿಗೆ ಸಾರ್ವಜನಿಕ ಶೌಚಾಲಯವೇ ಗತಿ. ಏಪ್ರಿಲ್ 1ರಂದು ಅಲ್ಲಿ ಮೊದಲ ಪ್ರಕರಣ ಪತ್ತೆಯಾದ ಮೇಲೆ ಪ್ರದೇಶಗಳು ಸೀಲ್ ಆದವು. ಹೊರಗಿನವರು ಗಲ್ಲಿಗಲ್ಲಿಗೂ ನುಗ್ಗಿ ಹಂಚುವುದು ಎರಡೂ ಕಡೆಯವರಿಗೆ ಅಪಾಯ. ಹೊರಗಿನವರು ಗಲ್ಲಿಯ ಬಾಯಿಯವರೆಗೆ ತಂದಿಟ್ಟರೆ ಒಳಗಿನದನ್ನು ಅಲ್ಲಿಯವರೇ ನೋಡಿಕೊಳ್ಳುವುದು ಮೇಲು. ಯಾರ ಮನೆಯಲ್ಲಿ ಎಷ್ಟು ಬಾಯಿ, ಯಾರಿಗೆ ಜ್ವರ ಎಂಬುದು ಗೊತ್ತಿರುವುದೂ ಅವರಿಗೇ. ಆದರೆ ಹಾಗೆ ಮಾಡಿದಾಗ ಅಪಾಯದ ದೊಡ್ಡ ಪಾಲು ಗಲ್ಲಿಯ ಹುಡುಗರ ಹೆಗಲಿಗೆ ಸರಿಯುತ್ತದೆ. ಫೋಟೋಗಳಲ್ಲಿ ಕಾಣದ ಅವರಿಗೂ ಮಾಸ್ಕ್, ವಿಶ್ರಾಂತಿ, ಜ್ವರ ಬಂದರೆ ಪರೀಕ್ಷೆ ಸಿಗಬೇಕಿತ್ತು.

ಕಾನೂನು ಅಷ್ಟು ದೂರ ನೋಡಲಿಲ್ಲ. ಮಾರ್ಚ್ ಕೊನೆಯಲ್ಲಿ ಬಂದ 50 ಲಕ್ಷ ರೂಪಾಯಿಯ ಕೇಂದ್ರ ವಿಮೆ ಕೋವಿಡ್ ಆರೈಕೆಗೆ ನಿಯೋಜಿತರಾದ ಆರೋಗ್ಯ ಕಾರ್ಯಕರ್ತರಿಗೆ ಮೀಸಲಾಗಿತ್ತು. ಪ್ಲೇಗಿನ ಕಾಲದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಗೆ ಏಪ್ರಿಲ್ 22ರಂದು ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ಬಂದಾಗಲೂ ಮುಖ್ಯವಾಗಿ ರಕ್ಷಣೆ ಸಿಕ್ಕಿದ್ದು ಆರೋಗ್ಯ ಸಿಬ್ಬಂದಿಗೆ. ಅದು ಸರಿಯೇ. ಆದರೆ ತಾವಾಗಿಯೇ ಅನ್ನ ಹೊತ್ತು ಹೋದವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವರನ್ನು ಕಾಯುವ ಹೊಣೆ ಅವರದೇ ಗುಂಪಿನದಾಯಿತು.

ಮಾಟುಂಗಾದಲ್ಲಿ 1942ರಿಂದ ನಡೆಯುತ್ತಿರುವ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಕಡೆ ಉಂಡವರಿಗೆ ಬಡಿಸುವುದೆಂದರೆ ಏನೆಂದು ಗೊತ್ತು: ಬಾಳೆಲೆಯ ಮೇಲೆ ಬಾಗಿ, ಇನ್ನಷ್ಟು ಹಾಕಲೇ ಎಂದು ಕೇಳುವುದು. 2020ರಲ್ಲಿ ಬಡಿಸುವವರು ಆರಡಿ ದೂರ ನಿಂತು, ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. ನೋಡಲು ಅದು ಉಪಚಾರವೇ ಅಲ್ಲ. ಆದರೂ ಆ ದಿನಗಳಲ್ಲಿ ಅನ್ನದ ಜತೆ ಕೊಡಬಹುದಾಗಿದ್ದ ದೊಡ್ಡ ಮರ್ಯಾದೆ ಆ ಆರಡಿಯೇ ಆಗಿತ್ತು. ಮುಂದಿನ ಸಾಂಕ್ರಾಮಿಕ ಬಂದಾಗ, ತೀರಿಕೊಂಡವರ ಹೆಸರುಗಳ ಜತೆಗೆ ತಲೆ ಎಣಿಸಿದ, ಹೊತ್ತಿಗೆ ಸರಿಯಾಗಿ ಬಂದ, ಜ್ವರ ಬಂದವರನ್ನು ಮನೆಗೆ ಕಳಿಸಿದ ಆ ಸಣ್ಣ ಕ್ರಮಗಳೂ ನೆನಪಿರಬೇಕು.